ಬಾಯಲ್ಲೇ ಇರುವ ಱ: ಕಂಪಿಸುವ ರ ಕಾರ ಕಲಿಯಲು ಕಾಸರಗೋಡಿನ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಯಾವುದೇ ಹೋಟೆಲಿನಲ್ಲಿ ಕೂತು 'ಮೀನ್ ಕರಿ' ಅಂದರೆ ಊಟ ಬಂದೇ ಬರುತ್ತದೆ. ಆದರೆ ಮಲಯಾಳ ಮನೆಮಾತಿನವರ ಕಿವಿಗೆ ಕೇಳಿದ್ದು ಮೀನಿನ ಇದ್ದಿಲು! ಮಲಯಾಳದಲ್ಲಿ ಕರಿ ಅಂದರೆ ಇದ್ದಿಲು, ಮಸಿ. ಅನ್ನಕ್ಕೆ ಕಲಸಿಕೊಳ್ಳುವುದು ಕಱಿ. ಕೀರಿ ಅಂದರೆ ನಮ್ಮಲ್ಲೂ ಅವರಲ್ಲೂ ಮುಂಗುಸಿ. ಕೀಱಿ ಅಂದರೆ ಹರಿದುಹೋಯಿತು. ಬರೆಯುವಾಗ ಅಕ್ಷರ ಬೇರೆ, ಹೇಳುವಾಗ ನಾಲಿಗೆಯ ಕೆಲಸವೂ ಬೇರೆ.

ಈ ಎರಡನೆಯ ಧ್ವನಿಯನ್ನು ಇಲ್ಲಿ ಉದ್ದಕ್ಕೂ ಱ ಎಂದೇ ಬರೆಯುತ್ತೇನೆ. ಅದು ನಮ್ಮ ಹಳಗನ್ನಡದ ಅಕ್ಷರ, ಶಕಟರೇಫ. ಬಂಡಿ ರ ಅಂತಲೂ ಕರೆಯುತ್ತಾರೆ. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಇದನ್ನು ದೇಶೀಯ ಅಕ್ಷರಗಳ ಜೊತೆ ಇಟ್ಟಿದ್ದಾನೆ. ಅಂದರೆ ಸಂಸ್ಕೃತದಿಂದ ಬಂದದ್ದಲ್ಲ, ಈ ನೆಲದ್ದೇ. ಆಮೇಲೆ ನಡುಗನ್ನಡದ ಕಾಲದಲ್ಲಿ ಇದು ಮೆಲ್ಲಗೆ ರ ಜೊತೆ ಬೆರೆತುಹೋಯಿತು. ಮಲಯಾಳ ಮಾತ್ರ ಉಳಿಸಿಕೊಂಡಿತು. ಹಾಗಾಗಿ ಬೆಂಗಳೂರಿನಲ್ಲಿ ಕೂತು ಹಳಗನ್ನಡ ಓದುವವರು ಊಹಿಸಬೇಕಾದ ಧ್ವನಿಯನ್ನು ಮಂಜೇಶ್ವರದಿಂದ ತೃಕ್ಕರಿಪ್ಪೂರಿನ ತನಕ ಇರುವ ನಾವು ದಿನಾ ಬಸ್ಸಿನಲ್ಲಿ ಕೇಳುತ್ತೇವೆ. ಕೇಳಿಯೂ ಕಲಿಯದೇ ಇರುವುದು ನಷ್ಟ ಅಂತ ನನಗೆ ಅನಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಮಲಯಾಳ ಮಾತಾಡಬೇಕಾಗಿ ಬಂದವರಿಗೆ ಇದು ಬೇಕು. ಹಳೆಯ ಕಾವ್ಯ ಓದುವವರಿಗೂ ಬೇಕು. ಇಬ್ಬರಿಗೂ ದಾರಿ ಒಂದೇ.

ತಾಡಿತ, ಕಂಪಿತ

ಕನ್ನಡದ 'ಮರ' ಎಂಬ ಪದ ಹೇಳಿ ನೋಡಿ. ನಾಲಿಗೆ ತುದಿ ಮೇಲಕ್ಕೆ ಹೋಗಿ ಒಂದೇ ಒಂದು ಸಲ ತಟ್ಟಿ ಕೆಳಗೆ ಬರುತ್ತದೆ. ಇದಕ್ಕೆ ಭಾಷಾವಿಜ್ಞಾನದಲ್ಲಿ ತಾಡಿತ ಅನ್ನುತ್ತಾರೆ. ಈಗ 'ಸರ್ರನೆ' ಅನ್ನಿ. 'ಹಾವು ಸರ್ರನೆ ಹರಿಯಿತು.' ಇಲ್ಲಿ ತುದಿ ಒಂದು ಸಲ ತಟ್ಟಿ ಸುಮ್ನಾಗುವುದಿಲ್ಲ, ಎರಡು ಮೂರು ಸಲ ಪಟಪಟ ಬಡಿಯುತ್ತದೆ. ಇದೇ ಕಂಪಿತ.

ಅಂದರೆ ಕಂಪಿಸುವ ರ ನಿಮ್ಮ ಬಾಯಲ್ಲಿ ಈಗಾಗಲೇ ಇದೆ. ಗಿರ್ರನೆ, ಬರ್ರನೆ, ಜರ್ರನೆ, ಸುರ್ರನೆ. ಈ ಅನುಕರಣ ಪದಗಳಲ್ಲಿ ಯಾರೂ ಹೇಳಿಕೊಡದೆ ನೀವು ಅದನ್ನು ಬಳಸುತ್ತೀರಿ. ಈಗ ಕಲಿಯಬೇಕಾದದ್ದು ಅದನ್ನು ಚಿಕ್ಕದು ಮಾಡಿ, ಬೇಕಾದ ಪದದ ನಡುವೆ, ಬೇಕಾದಾಗ ತರುವುದು. ಸ್ಪ್ಯಾನಿಷ್ ಭಾಷೆಯಲ್ಲೂ ಹೀಗೇ ಇದೆ. ಅಲ್ಲಿ 'ಪೆರೊ' ಅಂದರೆ ಆದರೆ, 'ಪೆರ್ರೊ' ಅಂದರೆ ನಾಯಿ. ಅಲ್ಲಿಯ ಮಕ್ಕಳಿಗೂ ಈ ಧ್ವನಿ ಬಾಯಿಗೆ ಬರುವುದು ತಡವಾಗಿಯೇ.

ತುದಿ ಯಾಕೆ ನಡುಗುತ್ತದೆ?

ಇದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಹೆಚ್ಚಿನವರು ಸೋಲುವುದು ನಾಲಿಗೆಯನ್ನು ತಾವೇ ಅಲ್ಲಾಡಿಸಲು ಹೋಗಿ. ಕಂಪಿತದಲ್ಲಿ ನಾಲಿಗೆ ತುದಿ ಸೆಕೆಂಡಿಗೆ ಸುಮಾರು 25ರಿಂದ 30 ಬಡಿತದ ವೇಗದಲ್ಲಿ ಅದುರುತ್ತದೆ. ಒಂದೊಂದು ಬಡಿತಕ್ಕೂ ಬೇರೆ ಬೇರೆಯಾಗಿ ಸ್ನಾಯು ಎಳೆದು ಆ ವೇಗ ತರಲು ಆಗುವುದಿಲ್ಲ. ಆ ಕೆಲಸ ಮಾಡುವುದು ಉಸಿರು.

ಮಳೆಗಾಲದಲ್ಲಿ ಜಗಲಿಗೆ ಕಟ್ಟಿದ ಪ್ಲಾಸ್ಟಿಕ್ ಹಾಳೆಯ ಒಂದು ತುದಿ ಬಿಚ್ಚಿಹೋದರೆ ಗಾಳಿಗೆ ಪಟಪಟ ಅನ್ನುತ್ತದಲ್ವಾ, ಹಾಗೆ. ಹಾಳೆಯನ್ನು ಯಾರೂ ಅಲ್ಲಾಡಿಸುತ್ತಿಲ್ಲ. ಮೂರು ಕಡೆ ಬಿಗಿಯಾಗಿದೆ, ಒಂದು ತುದಿ ಸಡಿಲವಾಗಿದೆ, ಗಾಳಿ ಬೀಸುತ್ತಿದೆ. ನಾಲಿಗೆಗೂ ಬೇಕಾದದ್ದು ಈ ಮೂರೇ.

ಬಾಯೊಳಗೆ ಆಗುವುದು ಇಷ್ಟು. ನಾಲಿಗೆ ತುದಿ ಮೇಲಿನ ವಸಡಿಗೆ ಹಗುರವಾಗಿ ತಾಗಿ ದಾರಿ ಮುಚ್ಚುತ್ತದೆ. ಹಿಂದಿನಿಂದ ಉಸಿರು ಒತ್ತುತ್ತದೆ. ಒತ್ತಡ ಜಾಸ್ತಿಯಾದಾಗ ತುದಿ ಕೆಳಗೆ ತಳ್ಳಿಸಿಕೊಂಡು ಒಂದು ಸಣ್ಣ ಸಂದು ತೆರೆಯುತ್ತದೆ. ಆ ಸಂದಿನಲ್ಲಿ ಗಾಳಿ ಜೋರಾಗಿ ನುಗ್ಗುತ್ತದೆ. ವೇಗವಾಗಿ ಹರಿಯುವ ಗಾಳಿಯ ಒತ್ತಡ ಕಡಿಮೆ. ಈ ಕಾರಣಕ್ಕೂ, ನಾಲಿಗೆಯ ಮಾಂಸಕ್ಕೆ ಇರುವ ಎಳೆತಕ್ಕೂ ತುದಿ ಮತ್ತೆ ಮೇಲಕ್ಕೆ ಬಂದು ಮುಚ್ಚುತ್ತದೆ. ಮತ್ತೆ ಒತ್ತಡ, ಮತ್ತೆ ತೆರೆ. ಗಂಟಲಿನ ಧ್ವನಿತಂತುಗಳು ಅದುರುವುದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ.

ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಕಂಪಿತ ತುಂಬ ನಾಜೂಕಿನ ಧ್ವನಿ. ತುದಿ ಚೂರು ಬಿಗಿಯಾದರೆ ಅದು ಡ ಆಗುತ್ತದೆ. ಚೂರು ದೂರವಾದರೆ ಬರೀ ಗಾಳಿ ಸೋರುತ್ತದೆ. ಉಸಿರು ಕಮ್ಮಿಯಾದರೆ ಒಂದೇ ಬಡಿತಕ್ಕೆ ನಿಂತುಹೋಗುತ್ತದೆ. ಅದಕ್ಕೇ ಮೊದಲು ಜಾಗ, ಆಮೇಲೆ ಹಿಡಿತ, ಆಮೇಲೆ ಉಸಿರು. ಈ ಕ್ರಮ ಬಿಡಬೇಡಿ.

ಹೆಜ್ಜೆ 1: ಕಿವಿ

ಮಲಯಾಳ ಮನೆಮಾತಿನ ಗೆಳೆಯರೋ ನೆರೆಮನೆಯವರೋ ಇದ್ದರೆ ಅವರಲ್ಲಿ ಈ ಜೋಡಿಗಳನ್ನು ಹೇಳಿಸಿ. ಕರ (ದಡ), ಕಱ (ಕಲೆ). ಅರ (ಅರ್ಧ), ಅಱ (ಕೋಣೆ). ಕರಿ, ಕಱಿ. ಕೀರಿ, ಕೀಱಿ. ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ. ಆಮೇಲೆ ಕಣ್ಣು ಮುಚ್ಚಿ ಕೇಳಿ, ಯಾವುದು ಯಾವುದು ಎಂದು ಗುರುತಿಸಿ. ಕಿವಿಗೆ ಬೇರೆ ಅನ್ನಿಸದ್ದನ್ನು ಬಾಯಲ್ಲಿ ಬೇರೆ ಮಾಡುವುದು ಕಷ್ಟ.

ಇಲ್ಲಿ ಬಡಿತವನ್ನು ಮಾತ್ರ ಎಣಿಸಲು ಹೋಗಬೇಡಿ. ವೇಗದ ಮಾತಿನಲ್ಲಿ ಮಲಯಾಳದವರ ಱ ಕೂಡ ಎಷ್ಟೋ ಸಲ ಒಂದೇ ಬಡಿತಕ್ಕೆ ಇಳಿಯುತ್ತದೆ. ಆದರೂ ಅವರ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಯಾಕೆಂದರೆ ನಾಲಿಗೆಯ ಮೈಯೇ ಬೇರೆ ಕಡೆ ಇರುತ್ತದೆ. ರ ಹೇಳುವಾಗ ಅದು ಸ್ವಲ್ಪ ಮುಂದಕ್ಕೆ ಬರುತ್ತದೆ, ಧ್ವನಿ ತೆಳುವಾಗಿ ಕೇಳುತ್ತದೆ. ಱ ಹೇಳುವಾಗ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಧ್ವನಿ ದಪ್ಪವಾಗಿ ಕೇಳುತ್ತದೆ. ಪಕ್ಕದ ಸ್ವರಕ್ಕೂ ಆ ಬಣ್ಣ ಹತ್ತುತ್ತದೆ. ಕರ ಮತ್ತು ಕಱ ಎರಡರಲ್ಲೂ ಇರುವ ಅ ಕಾರವನ್ನು ಗಮನಿಸಿ ಕೇಳಿ, ತಿಳಿಯುತ್ತದೆ.

ರೈಲಿನಲ್ಲಿ ಕಣ್ಣೂರಿನ ಕಡೆ ಹೋಗುವವರಿಗೆ ಇನ್ನೊಂದು ಒಳ್ಳೆಯ ಜೋಡಿ ಇದೆ. ಚೆಱುವತ್ತೂರಿನ ಹೆಸರಿನಲ್ಲಿ ಱ, ಅದು ದಾಟಿ ಸ್ವಲ್ಪದರಲ್ಲೇ ಸಿಗುವ ತೃಕ್ಕರಿಪ್ಪೂರಿನಲ್ಲಿ ರ. ಪಕ್ಕದಲ್ಲಿ ಕೂತವರ ಬಾಯಲ್ಲಿ ಈ ಎರಡು ಹೆಸರು ಬಂದಾಗ ಕಿವಿಗೊಡಿ.

ಹೆಜ್ಜೆ 2: ಜಾಗ ಹುಡುಕುವುದು

ಶಾಲೆಯ ವ್ಯಾಕರಣದಲ್ಲಿ ರ ಮೂರ್ಧನ್ಯ, ಅಂದರೆ ಟ ಡ ಗುಂಪಿನದು, ಎಂದು ಓದಿದ್ದೇವೆ. ಅದು ಸಂಸ್ಕೃತ ಶಿಕ್ಷಾ ಗ್ರಂಥಗಳ ವಿಂಗಡಣೆ. ನಮ್ಮ ನಾಲಿಗೆ ತಟ್ಟುವ ಜಾಗ ಅದಕ್ಕಿಂತ ಮುಂದೆ, ಮೇಲಿನ ಹಲ್ಲಿನ ಹಿಂದಿರುವ ವಸಡಿನಲ್ಲಿ.

ನಾಲಿಗೆ ತುದಿಯನ್ನು ಮೇಲಿನ ಮುಂದಿನ ಹಲ್ಲಿನ ಹಿಂಭಾಗಕ್ಕೆ ಇಡಿ. ಅದು ತ ಹೇಳುವ ಜಾಗ. ಅಲ್ಲಿಂದ ಮೆಲ್ಲಗೆ ಹಿಂದಕ್ಕೆ ಜಾರಿಸಿ. ಒಂದು ಸಣ್ಣ ದಿಬ್ಬ ಸಿಗುತ್ತದೆ. ಅದನ್ನು ದಾಟಿದರೆ ಅಂಗುಳ ಮೇಲಕ್ಕೆ ಏರುತ್ತದೆ, ತುದಿ ಮಡಚಿಕೊಳ್ಳುತ್ತದೆ. ಅದು ಟ ಹೇಳುವ ಜಾಗ. ನಮಗೆ ಬೇಕಾದದ್ದು ನಡುವಿನ ಆ ದಿಬ್ಬ. ವರ್ತ್ಸ್ಯ ಅನ್ನುವುದು ಈ ಜಾಗದ ಧ್ವನಿಗೆ.

ಮಲಯಾಳ ಬಲ್ಲವರಿಗೆ ಇದಕ್ಕಿಂತ ಸುಲಭದ ದಾರಿ ಇದೆ. ಮಲಯಾಳದಲ್ಲಿ ಱ ಎರಡು ಸಲ ಬಂದರೆ, ಅಂದರೆ ಒತ್ತಕ್ಷರವಾದರೆ, ಅದು ಕಂಪಿಸುವುದಿಲ್ಲ. ತ ಕೂಡ ಅಲ್ಲದ, ಟ ಕೂಡ ಅಲ್ಲದ ಒಂದು ಗಟ್ಟಿ ಧ್ವನಿಯಾಗುತ್ತದೆ. 'ಎಂದು ಪಱ್ಱಿ?' ಅಂದರೆ ಏನಾಯಿತು? ಅದನ್ನು ನಮ್ಮ ಟ್ಟ ಹಾಕಿ 'ಪಟ್ಟಿ' ಅಂದುಬಿಟ್ಟರೆ ನಾಯಿ ಆಗುತ್ತದೆ! ಸರಿಯಾಗಿ 'ಪಱ್ಱಿ' ಹೇಳಿ, ಆ ಒತ್ತಿನ ಜಾಗದಲ್ಲಿ ನಾಲಿಗೆಯನ್ನು ಹಾಗೇ ನಿಲ್ಲಿಸಿ. ತುದಿ ಈಗ ಎಲ್ಲಿದೆಯೋ ಅದೇ ಱ ಜಾಗ.

ಈ ನಂಟು ಆಕಸ್ಮಿಕವಲ್ಲ. ಭಾಷಾವಿಜ್ಞಾನಿಗಳ ಪ್ರಕಾರ ಮೂಲ ದ್ರಾವಿಡದಲ್ಲಿ, ಅಂದರೆ ಈ ಭಾಷೆಗಳೆಲ್ಲ ಹುಟ್ಟಿದ ಹಳೆಯ ಭಾಷೆಯಲ್ಲಿ, ಇದೊಂದು ವರ್ತ್ಸ್ಯ ಸ್ಪರ್ಶ ವ್ಯಂಜನ (ತ, ಟ ಹಾಗೆ ಗಾಳಿಯನ್ನು ಪೂರ್ತಿ ತಡೆದು ಬಿಡುವ ಧ್ವನಿ). ಎರಡು ಸ್ವರಗಳ ನಡುವೆ ಒಂಟಿಯಾಗಿ ಬಂದಲ್ಲಿ ಸಡಿಲಾಗಿ ಕಂಪಿತವಾಯಿತು. ಇಮ್ಮಡಿಯಾದಲ್ಲಿ ಮಲಯಾಳದಲ್ಲಿ ಗಟ್ಟಿಯಾಗಿಯೇ ಉಳಿಯಿತು, ಕನ್ನಡದಲ್ಲಿ ತ್ತ ಆಯಿತು. ಅವರ ಪುಱ್ಱ್ ನಮ್ಮ ಹುತ್ತ.

ಹೆಜ್ಜೆ 3: ಪಕ್ಕ ಬಿಗಿ, ತುದಿ ಸಡಿಲ

ನಾಲಿಗೆಯ ಎರಡೂ ಅಂಚುಗಳು ಮೇಲಿನ ದವಡೆ ಹಲ್ಲುಗಳ ಒಳಬದಿಗೆ ತಾಗಿ ನಿಲ್ಲಬೇಕು. ಪಕ್ಕದಿಂದ ಗಾಳಿ ಹೋದರೆ ಅದು ಲ ಆಗುತ್ತದೆ, ಕಂಪನ ಹುಟ್ಟುವುದೇ ಇಲ್ಲ.

ಪರೀಕ್ಷೆ ಸುಲಭ. ಱ ಹೇಳುವ ಹಾಗೆ ನಾಲಿಗೆ ಇಟ್ಟು, ತುದಿಯನ್ನು ಕೂದಲೆಳೆಯಷ್ಟು ಕೆಳಗಿಳಿಸಿ, ಬಾಯಿಯಿಂದ ಉಸಿರನ್ನು ಒಳಕ್ಕೆ ಎಳೆದುಕೊಳ್ಳಿ. ಗಾಳಿ ಹೋಗುವ ಜಾಗ ತಣ್ಣಗಾಗುತ್ತದೆ. ತುದಿಯ ನಡುವೆ ತಣ್ಣಗಾದರೆ ಸರಿ. ಕೆನ್ನೆಯ ಕಡೆ ತಣ್ಣಗಾದರೆ ಅಂಚು ಬಿಟ್ಟಿದೆ ಎಂದು ಅರ್ಥ.

ಇನ್ನು ತುದಿ. ಅದನ್ನು ದಿಬ್ಬಕ್ಕೆ ಒತ್ತಬಾರದು. ತಾಗಿದೆಯೋ ಇಲ್ಲವೋ ಅನ್ನುವಷ್ಟೇ ಸಾಕು. ಬಾಯಿ ಒಂದು ಬೆರಳು ಹಿಡಿಯುವಷ್ಟು ತೆರೆದಿರಲಿ. ದವಡೆ ಬಿಗಿ ಹಿಡಿದರೆ ತುದಿಯೂ ಬಿಗಿಯಾಗುತ್ತದೆ. ಕುತ್ತಿಗೆ, ಭುಜ ಎಲ್ಲ ಹಗುರ ಬಿಡಿ.

ಹೆಜ್ಜೆ 4: ಮೊದಲು ಬರೀ ಉಸಿರು

ಹೊಟ್ಟೆಯಿಂದ ಉಸಿರು ತಳ್ಳುವುದು ಹೇಗೆ ಎಂದು ಗೊತ್ತಾಗಲು ಮಕ್ಕಳು ತುಟಿಯಲ್ಲಿ ಮೋಟಾರು ಬಿಡುವ ಆಟ ಆಡಿ. ಬ್ರ್ರ್ರ್. ಇಲ್ಲಿ ನಡುಗುವುದು ತುಟಿ, ಆದರೆ ತತ್ವ ಒಂದೇ. ಎಷ್ಟು ಉಸಿರು ಬೇಕು, ತುಟಿ ಎಷ್ಟು ಸಡಿಲ ಇರಬೇಕು ಎಂಬುದು ಮೈಗೆ ತಿಳಿಯುತ್ತದೆ.

ಆಮೇಲೆ ನಾಲಿಗೆಯನ್ನು ಜಾಗದಲ್ಲಿಟ್ಟು, ಗಂಟಲಿನ ಧ್ವನಿ ಇಲ್ಲದೆ, ಪಿಸುಮಾತಿನಲ್ಲಿ ಜೋರಾಗಿ ಉಸಿರು ಬಿಡಿ. ಹ್ ಜೊತೆ ಶುರು ಮಾಡಿ: ಹ್‌ಱ್‌ಱ್. ಒಂದೆರಡು ಬಡಿತ ಬಂದರೂ ಸಾಕು. ಧ್ವನಿತಂತು ಅದುರದೇ ಇರುವಾಗ ಬಾಯಿಗೆ ಗಾಳಿ ಜಾಸ್ತಿ ಬರುತ್ತದೆ, ಹಾಗಾಗಿ ಕೆಲವರಿಗೆ ಇದು ಮೊದಲು ಹತ್ತುತ್ತದೆ. ಬಂದ ಮೇಲೆ ಅದೇ ಉಸಿರಿನಲ್ಲಿ ಗಂಟಲಿನ ಧ್ವನಿ ಸೇರಿಸಿ. ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟರೆ ಅದುರುವುದು ಗೊತ್ತಾಗುತ್ತದೆ. ಧ್ವನಿ ಸೇರಿದೊಡನೆ ಬಡಿತ ನಿಂತರೆ ಉಸಿರು ಸಾಲುತ್ತಿಲ್ಲ ಎಂದು ಅರ್ಥ.

ಸಿಗದವರಿಗೆ ಮೂರು ಏಣಿಗಳಿವೆ. ಮೊದಲನೆಯದು 'ಗಿರ್ರನೆ'. ಬುಗುರಿ ಗಿರ್ರನೆ ತಿರುಗಿತು ಎಂದು ಮಗುವಿಗೆ ಕತೆ ಹೇಳುವ ಉತ್ಸಾಹದಲ್ಲಿ ಹೇಳಿ. ಪಾಠ ಅಂತ ಹೇಳಿದರೆ ನಾಲಿಗೆ ಬಿಗಿಯಾಗುತ್ತದೆ, ಕತೆ ಅಂತ ಹೇಳಿದರೆ ತಾನಾಗಿ ಬರುತ್ತದೆ. ಎರಡನೆಯದು ವ್ಯಂಜನದ ಬೆನ್ನು ಹಿಡಿಯುವುದು. ಡ್ರಮ್, ಡ್ರೈವರ್, ಟ್ರಕ್ ಇಂಥ ಪದ ತೆಗೆದುಕೊಂಡು ಡ ಅಥವಾ ಟ ಗಟ್ಟಿಯಾಗಿ ಹಿಡಿದು ಒಮ್ಮೆಲೇ ಬಿಡಿ: ಡ್‌ರ್ರ್ರಮ್. ಹಿಡಿದಿಟ್ಟ ಒತ್ತಡವೇ ತುದಿಯನ್ನು ತಳ್ಳುತ್ತದೆ. ಡ ಹೇಳುವಾಗ ನಾಲಿಗೆ ತುಂಬ ಹಿಂದೆ ಮಡಚದೆ ಆ ದಿಬ್ಬದ ಹತ್ತಿರವೇ ಇರಲಿ. ಮೂರನೆಯದು ಪ, ಬ. 'ಪರ್ರನೆ ಹರಿದ' ಅನ್ನುವಾಗ ತುಟಿ ಮುಚ್ಚಿರುವಾಗಲೇ ನಾಲಿಗೆಯನ್ನು ಜಾಗಕ್ಕೆ ಸಿದ್ಧ ಇಟ್ಟುಕೊಳ್ಳಬಹುದು, ಹಾಗಾಗಿ ಕೆಲವರಿಗೆ ಇದೇ ಸುಲಭ.

ಯಾವ ಏಣಿಯಲ್ಲಿ ಬಂತೋ ಅದನ್ನೇ ಹಿಡಿದುಕೊಳ್ಳಿ. ಮೂರನ್ನೂ ಕಲಿಯುವ ಅಗತ್ಯ ಇಲ್ಲ. ದಿನಕ್ಕೆ ಸ್ವಲ್ಪ ಹೊತ್ತು ಸಾಕು. ಉಸಿರು ಜೋರಾಗಿ ಬಿಡುತ್ತಾ ಇದ್ದರೆ ತಲೆ ಸುತ್ತುವುದುಂಟು, ಆಗ ನಿಲ್ಲಿಸಿ.

ಹೆಜ್ಜೆ 5: ಉದ್ದದ್ದನ್ನು ಗಿಡ್ಡ ಮಾಡುವುದು

ಉದ್ದಕ್ಕೆ ರ್ರ್ರ್ರ್ ಅಂದ ಮಾತ್ರಕ್ಕೆ ಱ ಬಂತು ಎಂದಾಗುವುದಿಲ್ಲ. ಮಾತಿನಲ್ಲಿ ಅದು ಎರಡೋ ಮೂರೋ ಬಡಿತ ಅಷ್ಟೇ. ಸಮಯ ಲೆಕ್ಕ ಹಾಕಿದರೆ ಸೆಕೆಂಡಿನ ಹತ್ತನೆಯ ಒಂದು ಭಾಗ. 'ಗಿರ್ರನೆ'ಯನ್ನು ಹಂತ ಹಂತವಾಗಿ ಕುಗ್ಗಿಸಿ. ಗಿರ್ರ್ರ್ರನೆ, ಗಿರ್ರನೆ, ಕೊನೆಗೆ ಗಿಱನೆ. ನಾಲಿಗೆಯನ್ನು ಬೇಗ ತೆಗೆಯುವುದು ಬೇಡ, ಮುಂದಿನ ಸ್ವರವನ್ನು ಬೇಗ ತನ್ನಿ. ಸ್ವರಕ್ಕೆ ಬಾಯಿ ತೆರೆದೊಡನೆ ಕಂಪನ ತಾನಾಗಿ ನಿಲ್ಲುತ್ತದೆ.

ಇಲ್ಲಿ ಸ್ವರದ ಕ್ರಮ ಮುಖ್ಯ. ಅ ಜೊತೆ ಶುರು ಮಾಡಿ: ಅಱ, ಕಱ, ಮಱ. ಆಮೇಲೆ ಉ, ಒ: ನೂಱು, ಏಱು, ಪೊಱಗೆ. ಆಮೇಲೆ ಎ: ಕೆಱೆ, ತೆಱೆ. ಇ ಕೊನೆಗೆ. ಇ ಹೇಳುವಾಗ ನಾಲಿಗೆಯ ಮೈ ಮುಂದಕ್ಕೂ ಮೇಲಕ್ಕೂ ಏರುತ್ತದೆ. ಱ ಹೇಳಲು ಅದು ಹಿಂದೆ ಇರಬೇಕು, ತುದಿ ಮಾತ್ರ ಬಿಡುಬೀಸಾಗಿರಬೇಕು. ಎರಡೂ ಒಂದಕ್ಕೊಂದು ಎಳೆಯುತ್ತವೆ. ಕೀಱಿ, ಅಱಿ, ಕಱಿ ಕಷ್ಟ ಅನ್ನಿಸುವುದು ಇದೇ ಕಾರಣಕ್ಕೆ. ಹೋಟೆಲಿನ ಕಱಿ ಸರಿಯಾಗಿ ಹೇಳಲು ಬಂದರೆ ಉಳಿದದ್ದೆಲ್ಲ ಸಲೀಸು.

ಹೆಜ್ಜೆ 6: ರ ಕೆಡದ ಹಾಗೆ ನೋಡಿಕೊಳ್ಳುವುದು

ಹೊಸದಾಗಿ ಕಲಿತವರು ಎಲ್ಲ ರ ಕಾರಕ್ಕೂ ಕಂಪನ ಹಾಕುತ್ತಾರೆ. ಹಾಗೆ ಮಾಡಿದರೆ ಕಲಿತದ್ದಕ್ಕೆ ಅರ್ಥವೇ ಇಲ್ಲ. ಮರವನ್ನು ಮಱ ಅಂದರೆ ಮಲಯಾಳದಲ್ಲಿ ಪರದೆ ಎಂದಾಗುತ್ತದೆ. ಹಾಗಾಗಿ ಯಾವಾಗಲೂ ಜೋಡಿಯಾಗಿಯೇ ಅಭ್ಯಾಸ ಮಾಡಿ. ಮರ, ಮಱ. ಕರ, ಕಱ. ಒಂದು ಸಲ ತೆಳು, ಒಂದು ಸಲ ದಪ್ಪ. ಅರಿಯುಕ ಅಂದರೆ ಹೆಚ್ಚುವುದು, ಅಱಿಯುಕ ಅಂದರೆ ತಿಳಿಯುವುದು. ತರಕಾರಿ ಹೆಚ್ಚಲು ಗೊತ್ತು ಅನ್ನುವ ವಾಕ್ಯದಲ್ಲಿ ಎರಡೂ ಬರುತ್ತವೆ: 'ಅರಿಯಾನ್ ಅಱಿಯಾಂ.' ಇದನ್ನು ತಪ್ಪಿಲ್ಲದೆ ಹೇಳಲು ಬಂದ ದಿನ ನಿಮ್ಮ ನಾಲಿಗೆ ಪಳಗಿತು ಎಂದು ತಿಳಿಯಿರಿ.

ಕಣ್ಣಿಂದಲೂ ನೋಡಬೇಕು ಅನ್ನುವವರಿಗೆ ಪ್ರಾಟ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದಲ್ಲಿ ತಯಾರಾದದ್ದು, ಧ್ವನಿವಿಜ್ಞಾನದವರು ಎಲ್ಲ ಕಡೆ ಬಳಸುತ್ತಾರೆ. ನಿಮ್ಮ ಮುದ್ರಣವನ್ನು ಅದರಲ್ಲಿ ತೆರೆದರೆ ಧ್ವನಿಯ ಚಿತ್ರ ಬರುತ್ತದೆ. ನಾಲಿಗೆ ತಟ್ಟಿದ ಜಾಗದಲ್ಲಿ ಬಿಳಿಚಿದ ಸಣ್ಣ ಪಟ್ಟೆ ಕಾಣುತ್ತದೆ. ರ ಆದರೆ ಒಂದು, ಒಳ್ಳೆಯ ಱ ಆದರೆ ಎರಡು ಅಥವಾ ಮೂರು. ಸಾಫ್ಟ್‌ವೇರ್ ಇಲ್ಲದಿದ್ದರೆ ಫೋನಿನ ಮುದ್ರಣವನ್ನು ಅರ್ಧ ವೇಗದಲ್ಲಿ ಹಾಕಿ ಕೇಳಿ.

ಬರದೇ ಇದ್ದರೆ

ಡ ಡ ಅಂತ ಕೇಳುತ್ತಿದ್ದರೆ ತುದಿ ಒತ್ತುತ್ತಿದ್ದೀರಿ. ಹಗುರ ಮಾಡಿ. ಲ ಅಥವಾ ಳ ಆಗುತ್ತಿದ್ದರೆ ಅಂಚು ಬಿಟ್ಟಿದೆ, ಮೂರನೇ ಹೆಜ್ಜೆಗೆ ಹೋಗಿ. ಗಂಟಲ ಹಿಂದೆ ಗರಗರ ಅನ್ನುತ್ತಿದ್ದರೆ ಅಲ್ಲಿ ಅದುರುತ್ತಿರುವುದು ಕಿರುನಾಲಿಗೆ. ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ರ ಕಾರ ಆ ಜಾಗದಲ್ಲಿ ಬರುತ್ತದೆ. ನಮಗೆ ಅದು ಬೇಡ. ನೀರು ಬಾಯಿ ಮುಕ್ಕಳಿಸುವ ಹಾಗೆ ತಲೆ ಹಿಂದಕ್ಕೆ ಎತ್ತಿ ಅಭ್ಯಾಸ ಮಾಡುವವರಿಗೆ ಹೀಗಾಗುತ್ತದೆ. ತಲೆ ನೇರ ಇರಲಿ, ಬೇಕಿದ್ದರೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ.

ನಾಲಿಗೆಯ ಕೆಳಗಿನ ತಂತು ಗಿಡ್ಡವಾಗಿರುವವರಿಗೆ ತುದಿ ಮೇಲಕ್ಕೆ ಎತ್ತುವುದು ಕಷ್ಟವಾಗಬಹುದು. ಅಂಥವರಲ್ಲೂ ಎಷ್ಟೋ ಜನ ಕಂಪಿತ ಹೇಳುತ್ತಾರೆ, ಹಾಗಾಗಿ ಅದನ್ನೇ ಕಾರಣ ಎಂದು ತೀರ್ಮಾನಿಸಬೇಡಿ. ಇನ್ನು ಮಕ್ಕಳ ವಿಷಯ. ರಾಮನನ್ನು ಲಾಮ ಅನ್ನುವ ಪುಟ್ಟ ಮಗುವಿಗೆ ಈ ಅಭ್ಯಾಸ ಮಾಡಿಸಲೇಬೇಡಿ. ಮಕ್ಕಳ ಬಾಯಲ್ಲಿ ತಡವಾಗಿ ನಿಲ್ಲುವ ಧ್ವನಿಗಳಲ್ಲಿ ರ ಕೂಡ ಒಂದು, ಕಾಯಬೇಕು. ಶಾಲೆಗೆ ಹೋಗಿ ಕೆಲವು ವರ್ಷ ಆದರೂ ಬರದಿದ್ದರೆ ವಾಕ್ ಚಿಕಿತ್ಸಕರಿಗೆ ತೋರಿಸಿ. ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇರುವುದು. ಎಲ್ಲರೆದುರು ಮಗುವಿನ ಬಾಯಲ್ಲಿ ಹೇಳಿಸಿ ನಗುವುದು ದೊಡ್ಡ ತಪ್ಪು.

ಹೆಜ್ಜೆ 7: ಹಳಗನ್ನಡಕ್ಕೆ ತರುವುದು

ನನಗೆ ಇಡೀ ಕೆಲಸದಲ್ಲಿ ಇಷ್ಟದ ಭಾಗ ಇದು. ಇಂದಿನ ಕನ್ನಡದಲ್ಲಿ 'ಕರೆ' ಎಂಬ ಒಂದೇ ಪದಕ್ಕೆ ಎಷ್ಟು ಕೆಲಸ ನೋಡಿ. ಹೊಳೆಯ ಕರೆ. ಅಣ್ಣನನ್ನು ಕರೆ. ಹಾಲು ಕರೆ. ಅಂಗಿಗೆ ಹಿಡಿದ ಗೇರುಹಣ್ಣಿನ ಕರೆ. ಹಳಗನ್ನಡದಲ್ಲಿ ಇವು ಬೆರೆತಿರಲಿಲ್ಲ. ದಡ ಮತ್ತು ಕೂಗು ರ ಪದಗಳು. ಹಾಲು ಮತ್ತು ಕಲೆ ಱ ಪದಗಳು, ಕಱೆ. ಮಲಯಾಳದಲ್ಲಿ ಇಂದಿಗೂ ದಡ ಕರ, ಕಲೆ ಕಱ, ಹಾಲು ಹಿಂಡುವುದು ಕಱಕ್ಕುಕ. ಸಮುದ್ರದ ತೆರೆಗೆ ರ, ಬಾಗಿಲು ತೆರೆಯುವುದಕ್ಕೆ ಱ. ಅವರಲ್ಲಿ ತಿರ, ತುಱಕ್ಕುಕ. ಗಿಡದ ಬೇರಿಗೆ ರ, ಬೇರೆ ಎಂಬುದಕ್ಕೆ ಱ. ಅವರಲ್ಲಿ ವೇರ್, ವೇಱೆ. ರಾಜ ಅರಸು, ಹುಡುಕುವುದು ಅಱಸು.

ಅಚ್ಚಾದ ಹಳೆಯ ಕಾವ್ಯಗಳಲ್ಲಿ ಸಾಮಾನ್ಯವಾಗಿ ಱ ಅಕ್ಷರವನ್ನು ಉಳಿಸಿಯೇ ಮುದ್ರಿಸಿರುತ್ತಾರೆ. ಅಲ್ಲಿ ಕಂಡದ್ದನ್ನು ಹಾಗೇ ಉಚ್ಚರಿಸಿ. ಆದರೆ ಪಠ್ಯವನ್ನು ಯಾರೋ ರ ಹಾಕಿ ಸರಳ ಮಾಡಿದ್ದರೆ? ಆಗ ನಮ್ಮ ಊರಿನ ಭಾಷೆಗಳೇ ಕೈಹಿಡಿಯುತ್ತವೆ. ಮಲಯಾಳ ಒಂದು. ಇನ್ನೊಂದು ತುಳು. ತುಳುವಿನಲ್ಲಿ ಱ ಕಂಪಿಸುವುದಿಲ್ಲ, ಆದರೆ ಅದು ಇದ್ದ ಜಾಗದಲ್ಲಿ ಎಷ್ಟೋ ಕಡೆ ಜ ಅಥವಾ ದ ಬಂದು ಕೂತಿದೆ. ಕನ್ನಡದ ಮೂಱು ತುಳುವಿನಲ್ಲಿ ಮೂಜಿ. ಆಱು, ಆಜಿ. ನೂಱು, ನೂದು. ಪೊಱಗೆ ಅನ್ನುವುದಕ್ಕೆ ಮಲಯಾಳದಲ್ಲಿ ಪುಱತ್ತ್, ತುಳುವಿನಲ್ಲಿ ಪಿದಾಯಿ. ಮಱೆ (ಮರೆತುಬಿಡು) ಅನ್ನುವುದಕ್ಕೆ ಮಲಯಾಳದಲ್ಲಿ ಮಱಕ್ಕುಕ, ತುಳುವಿನಲ್ಲಿ ಮದಪುನಿ. ಅದೇ ನೀರು, ಊರು, ಬೇರು, ಮರ ತೆಗೆದುಕೊಳ್ಳಿ. ತುಳುವಿನಲ್ಲೂ ರ, ಮಲಯಾಳದಲ್ಲೂ ರ, ಹಳಗನ್ನಡದಲ್ಲೂ ರ. ಎಲ್ಲ ಪದಕ್ಕೂ ಈ ಲೆಕ್ಕ ಕೂಡಿಬರುವುದಿಲ್ಲ, ಅನುಮಾನ ಬಂದರೆ ನಿಘಂಟು ನೋಡಬೇಕು. ಆದರೆ ಮೂರು ಭಾಷೆ ಬಲ್ಲ ಕುಂಬಳೆಯ ಹುಡುಗಿಗೆ ಅರ್ಧಕ್ಕರ್ಧ ಉತ್ತರ ಮನೆಯಲ್ಲೇ ಸಿಗುತ್ತದೆ. ಹಳಗನ್ನಡ ಕಲಿಸುವ ಇಲ್ಲಿಯ ಮೇಷ್ಟ್ರುಗಳು ಪಾಠ ಶುರು ಮಾಡಬೇಕಾದದ್ದೇ ಇಲ್ಲಿಂದ ಎಂದು ನನ್ನ ಅಭಿಪ್ರಾಯ.

ಎಲ್ಲಿ ಬೇಡ ಎಂಬುದನ್ನೂ ಹೇಳಬೇಕು. ಇಂದಿನ ಕನ್ನಡ ಮಾತಾಡುವಾಗ ನೂರು, ಆರು, ಕೆರೆ ಇವಕ್ಕೆ ಱ ತರಬೇಡಿ. ಇಂದಿನ ಕನ್ನಡದಲ್ಲಿ ಆ ಭೇದ ಇಲ್ಲ, ತಂದರೆ ಕೃತಕ ಅನ್ನಿಸುತ್ತದೆ. ತಮಿಳುನಾಡಿನ ಗಡಿಯಲ್ಲಿ, ಹೊಸೂರು ತಾಳವಾಡಿ ಕಡೆ ಇರುವವರಿಗೂ ಒಂದು ಮಾತು. ತಮಿಳಿನಲ್ಲಿ ಈ ಅಕ್ಷರ ಇದೆ, ಆದರೆ ಹೆಚ್ಚಿನ ಕಡೆ ಆಡುಮಾತಿನಲ್ಲಿ ಎರಡೂ ಬೆರೆತುಹೋಗಿವೆ. ಅಲ್ಲಿ ಕಿವಿಗಿಂತ ಕಾಗುಣಿತವನ್ನು ನಂಬಬೇಕು.

ಅಭ್ಯಾಸಕ್ಕೆ ನಾನೇ ಕಟ್ಟಿದ ಕೆಲವು ಹಳಗನ್ನಡ ಸಾಲುಗಳನ್ನು ಕೊಡುತ್ತೇನೆ. ಮೊದಲು ನಿಧಾನ, ಪ್ರತಿ ಱ ಮೂರು ಬಡಿತ. ಆಮೇಲೆ ಓದುವ ವೇಗ, ಎರಡು ಬಡಿತ. ರ ಬಂದಲ್ಲಿ ಒಂದೇ.

ಆಱು ಕೆಱೆ, ನೂಱು ಮರ.

ಬೇರಂ ಬೇಱೆ ಮಾಡಿದಂ.

ಕರೆದು ಕಱೆದಂ. (ಹಸುವನ್ನು ಕೂಗಿ ಕರೆದು, ಹಾಲು ಹಿಂಡಿದ.)

ಅರಸನನಱಸಿದಂ. (ರಾಜನನ್ನು ಹುಡುಕಿದ.)

ಕೊನೆಯ ಸಾಲು ಕಷ್ಟ. ರ ತಟ್ಟಿ ಮೂರು ಅಕ್ಷರ ದಾಟುವಷ್ಟರಲ್ಲಿ ನಾಲಿಗೆ ಹಿಂದಕ್ಕೆ ಸರಿದು ಕಂಪಿಸಬೇಕು. ಅದನ್ನು ಎರಡು ತುಂಡು ಮಾಡಿ, 'ಅರಸನನ್' ಎಂದು ನಿಲ್ಲಿಸಿ ಉಸಿರು ತೆಗೆದುಕೊಂಡು 'ಅಱಸಿದಂ' ಅನ್ನಿ. ಎರಡೂ ತುಂಡು ಸರಿಬಂದ ಮೇಲೆ ನಡುವಿನ ನಿಲುಗಡೆ ತೆಗೆಯಿರಿ.